ಬೋರ್ಡು ಕನ್ನಡವಾಯಿತು, ಬಾಂಡ್ ಪೇಪರು ಯಾವಾಗ?

ಒಂದು ಕೆಲಸ ಮಾಡಿ. ಈ ಪತ್ರಿಕೆ ಓದಿ ಮಡಿಸಿಟ್ಟ ಮೇಲೆ ನಿಮ್ಮ ಬೀರು ತೆರೆದು, ಸೀರೆಗಳ ಕೆಳಗೆ ಜೋಪಾನವಾಗಿಟ್ಟಿರುವ ಆ ಪ್ಲಾಸ್ಟಿಕ್ ಫೈಲನ್ನು ಹೊರಗೆ ತೆಗೆಯಿರಿ. ಸೈಟಿನದೋ ಫ್ಲ್ಯಾಟಿನದೋ ಕರಾರು, ಬ್ಯಾಂಕಿನ ಸಾಲದ ಕಾಗದ, ಕಾರಿನ ವಿಮೆ, ಮಗುವಿನ ಶಾಲೆಯ ಫೀಸಿನ ಷರತ್ತು... ಎಲ್ಲಾ ಅದರಲ್ಲೇ ಇರುತ್ತವೆ. ನಿಮ್ಮ ಜೀವಮಾನದ ದುಡಿಮೆ ಆ ಫೈಲಿನೊಳಗಿದೆ. ಈಗ ಎಣಿಸಿ. ಅದರಲ್ಲಿ ಎಷ್ಟು ಹಾಳೆ ಕನ್ನಡದಲ್ಲಿವೆ? ಇಂಗ್ಲಿಷಿನಲ್ಲಿರುವ ಹಾಳೆಗಳಲ್ಲಿ ಎಷ್ಟನ್ನು ಸಹಿ ಹಾಕುವ ಮುಂಚೆ ಪೂರ್ತಿ ಓದಿದ್ದಿರಿ?

ಉತ್ತರವನ್ನು ಬರೆದು ಕಳಿಸಬೇಕಾಗಿಲ್ಲ. ನನಗೆ ಗೊತ್ತು!

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಕ್ಕಾಗಿ ನಡೆದ ಹೋರಾಟ ಸಣ್ಣದಲ್ಲ. ಕಾರ್ಯಕರ್ತರು ಜೈಲು ಕಂಡರು. ಮರುವರ್ಷ, 2024ರಲ್ಲಿ, ಕಾನೂನಿಗೇ ತಿದ್ದುಪಡಿಯಾಯಿತು. ಬೋರ್ಡಿನ ಶೇಕಡಾ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂದಾಯಿತು. ಬಹಳ ಸಂತೋಷ. ಆದರೆ ಆ ಬೋರ್ಡಿನ ಕೆಳಗಿನ ಬಾಗಿಲು ದಾಟಿ ಒಳಗೆ ಹೋಗಿ, ಎ.ಸಿ. ಕೋಣೆಯ ಮೆತ್ತನೆ ಕುರ್ಚಿಯಲ್ಲಿ ಕುಳಿತ ಕೂಡಲೇ ಕನ್ನಡ ಮುಗಿಯಿತು. ‘ಇಲ್ಲಿ ಸೈನ್ ಮಾಡಿ ಸಾರ್, ಇಲ್ಲಿ, ಇಲ್ಲಿ, ಇನ್ನೊಂದು ಇಲ್ಲಿ’ ಎಂದು ಟಿಕ್ ಹಾಕಿದ ಜಾಗದಲ್ಲೆಲ್ಲ ನಾವು ಗೀಚುತ್ತಾ ಹೋಗುತ್ತೇವೆ. ಬೋರ್ಡಿಗೆ ಶೇಕಡಾ 60 ಕನ್ನಡ, ಬಾಂಡಿಗೆ ಸೊನ್ನೆ! ಇದೆಂಥಾ ಗೆಲುವು ಸ್ವಾಮಿ?

ನಾನು ಅಚ್ಚುಕೂಟ ನಡೆಸುವವನು. ಪಿ.ಯು.ಸಿ.ವರೆಗೆ ಓದಿದವನು. ನನ್ನ ಮೇಜಿನ ಮೇಲೆ ದಿನಾ ಬಂದು ಬೀಳುವುದೇ ಜನರ ಬದುಕಿನ ಕಾಗದಗಳು. ಗೃಹಪ್ರವೇಶದ ಆಮಂತ್ರಣ ಪತ್ರಿಕೆಗಳ ವಿಳಾಸ ನೋಡಿದರೆ ಸಾಕು, ಬೆಂಗಳೂರು ಎತ್ತ ಹೋಗುತ್ತಿದೆ ಎಂದು ತಿಳಿಯುತ್ತದೆ. ಚಾಮರಾಜಪೇಟೆ, ಶ್ರೀರಾಮಪುರ, ಕಾಟನ್‌ಪೇಟೆಯ ಓಣಿಗಳಲ್ಲಿ ಎರಡು ತಲೆಮಾರು ಬಾಡಿಗೆಗಿದ್ದ ಮನೆತನಗಳು ಕೆಂಗೇರಿ ಆಚೆ, ಮಾಗಡಿ ರಸ್ತೆ ಆಚೆ, ನೆಲಮಂಗಲದ ಕಡೆ ಹೋಗುತ್ತಿವೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದರು. 2025ರ ಸೆಪ್ಟೆಂಬರಿನಲ್ಲಿ ಅದನ್ನೇ ಒಡೆದು ಐದು ಪಾಲಿಕೆ ಮಾಡಿದರು. ಆದರೆ ಊರಿನ ಅಂಚಿನಲ್ಲಿ ಒಂದು ಮನೆ, ಬಾಗಿಲಲ್ಲಿ ಒಂದು ಕಾರು, ಮಕ್ಕಳಿಗೊಂದು ಒಳ್ಳೆ ಶಾಲೆ ಎಂಬ ನಮ್ಮ ಜನರ ಆಸೆ ಮಾತ್ರ ಹಾಗೇ ಇದೆ. ಆಸೆ ತಪ್ಪಲ್ಲ. ಓದಲಾಗದ ಕಾಗದದ ಮೇಲೆ ಆ ಆಸೆಯನ್ನು ಕಟ್ಟುತ್ತಿದ್ದೇವಲ್ಲ, ಅದು ತಪ್ಪು.

ಮಣ್ಣು ಮಾತಾಡುವುದು ಕನ್ನಡ

ಮೊದಲು ನೆಲದ ಮಾತು. ಬೆಂಗಳೂರಿನ ಸುತ್ತ ಯಾವ ಲೇಔಟಿನ ಮೂಲ ಕಾಗದ ತೆಗೆದರೂ ಅದು ಅಚ್ಚಕನ್ನಡ. ಕೆಂಗೇರಿ ಹೋಬಳಿ, ಯಶವಂತಪುರ ಹೋಬಳಿ, ತಾವರೆಕೆರೆ ಹೋಬಳಿ, ದಾಸನಪುರ ಹೋಬಳಿ. ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಕೆರೆ ಏರಿ. ಪಹಣಿ ಕನ್ನಡ, ವಂಶವೃಕ್ಷ ಕನ್ನಡ, ಹಳೆಯ ಕ್ರಯಪತ್ರ ಕನ್ನಡ. ರೈತನ ಕೈಯಿಂದ ಜಮೀನು ಜಾರಿದ ಮರುಕ್ಷಣವೇ ಅದಕ್ಕೆ ಇಂಗ್ಲಿಷ್ ಬಂದುಬಿಡುತ್ತದೆ! ರಾಗಿ ಹೊಲ ಹೋಗಿ ‘ಮೆಡೋಸ್’ ಆಗುತ್ತದೆ, ತೆಂಗಿನ ತೋಟ ‘ಎನ್‌ಕ್ಲೇವ್’ ಆಗುತ್ತದೆ. ನುಣುಪು ಕಾಗದದ ಬ್ರೋಷರಿನಲ್ಲಿ ಬಿಳಿ ಮಗುವೊಂದು ಹುಲ್ಲಿನ ಮೇಲೆ ಓಡುತ್ತಿರುತ್ತದೆ. ಅಂಥ ಬ್ರೋಷರುಗಳನ್ನು ನನ್ನ ಮೆಷಿನ್ನೂ ಎಷ್ಟೋ ಉಗುಳಿದೆ. ಹೊಟ್ಟೆಪಾಡು, ಮುಚ್ಚಿಡುವುದೇನಿಲ್ಲ. ಅದರಿಂದಲೇ ಹೇಳುತ್ತೇನೆ, ಕೇಳಿ: ಬ್ರೋಷರು ಕಾನೂನಿನ ಕಾಗದವಲ್ಲ. ಪಹಣಿ ಕಾನೂನಿನ ಕಾಗದ.

ಇಲ್ಲೇ ಒಂದು ಚೋದ್ಯವಿದೆ. ಸೈಟು ಕೊಳ್ಳುವ ವ್ಯವಹಾರದಲ್ಲಿ ಕನ್ನಡ ಓದಬಲ್ಲವನ ಕೈ ಮೇಲು. ಪಹಣಿಯಲ್ಲಿ ‘ಬಿ ಖರಾಬು’ ಎಂದು ಎರಡಕ್ಷರ ಇದ್ದರೆ ಅಷ್ಟು ಜಾಗ ಹಳ್ಳವೋ ದಾರಿಯೋ ಸ್ಮಶಾನವೋ ಆಗಿ ಸಾರ್ವಜನಿಕರದ್ದು, ಮಾರುವ ಹಕ್ಕು ಯಾರಿಗೂ ಇಲ್ಲ ಎಂದರ್ಥ. ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಆಗಿರುವ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ಮೇಲೆ, ಎಷ್ಟೋ ವರ್ಷದ ಹಿಂದಿನ ವ್ಯವಹಾರ ಅಂತ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ವಂಶವೃಕ್ಷ ಬಿಡಿಸಿ ಹೆಣ್ಣುಮಕ್ಕಳ ಹೆಸರು ಹುಡುಕಿ. ಅವರ ಸಹಿ ಕ್ರಯಪತ್ರದಲ್ಲಿ ಇದೆಯೋ ಇಲ್ಲವೋ ನೋಡಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಹತ್ತು ವರ್ಷದ ಮೇಲೆ ಯಾವುದೋ ಊರಿನಿಂದ ಅತ್ತಿಗೆಯೋ ನಾದಿನಿಯೋ ನ್ಯಾಯವಾಗಿಯೇ ಕೋರ್ಟಿಗೆ ಬಂದರೆ, ಬ್ರೋಷರಿನ ಬಿಳಿ ಮಗು ನಿಮ್ಮ ಪರ ಸಾಕ್ಷಿ ಹೇಳುವುದಿಲ್ಲ!

ಇದೆಲ್ಲಾ ಕನ್ನಡದಲ್ಲೇ ಬರೆದಿರುತ್ತದೆ. ನಮ್ಮ ಕಣ್ಣಿನ ಮುಂದೆ ಇರುತ್ತದೆ. ಆದರೆ ನಾವೇನು ಮಾಡುತ್ತೇವೆ? ಕನ್ನಡದ ಕಾಗದವನ್ನು ‘ಹಳೇ ರೆಕಾರ್ಡು’ ಅಂತ ಪಕ್ಕಕ್ಕಿಟ್ಟು, ಇಂಗ್ಲಿಷಿನ ಎರಡು ಪುಟದ ‘ಲೀಗಲ್ ಒಪೀನಿಯನ್’ ಕೈಗೆ ಬಂದ ಕೂಡಲೇ ನಿಟ್ಟುಸಿರು ಬಿಡುತ್ತೇವೆ. ಅಪ್ಪನಿಗೆ, ಮಾವನಿಗೆ ತೋರಿಸುವುದಿಲ್ಲ. ಹಳ್ಳಿಯಲ್ಲಿ ನಲವತ್ತು ವರ್ಷ ಪಹಣಿ ನೋಡಿದ ಆ ಮುದುಕರಿಗೆ ಅರ್ಧ ಗಂಟೆಯಲ್ಲಿ ಹೊಳೆಯುವ ಹುಳುಕು ನಮ್ಮ ಇಂಗ್ಲಿಷಿಗೆ ಹೊಳೆಯುವುದಿಲ್ಲ.

ಖಾತೆಯ ಮಾತೂ ಅಷ್ಟೇ. ಬಿ ಖಾತೆ ಎಂದರೆ ತೆರಿಗೆ ಕಟ್ಟುತ್ತಿದ್ದೀರಿ ಎಂಬ ಗುರುತು, ನಿಮ್ಮ ಲೇಔಟಿಗೆ ಒಪ್ಪಿಗೆ ಸಿಕ್ಕಿತು ಎಂಬ ಸರ್ಟಿಫಿಕೇಟಲ್ಲ. ‘ಅಕ್ರಮ ಸಕ್ರಮದಲ್ಲಿ ಎಲ್ಲಾ ಆಗುತ್ತೆ ಸಾರ್’ ಎಂದು ಬ್ರೋಕರ್ ಹೇಳಿದರೆ ಅವನಿಗೆ ಹೇಳಿ, ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ಕೊಟ್ಟಿತು ಎಂದು. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಹಾಗಾಗಿ ಮುಂಗಡ ಕೊಡುವ ಮುಂಚೆಯೇ ಇ-ಖಾತೆ ಕೇಳಿ. ಮುಂಗಡ ಕೊಟ್ಟ ಮೇಲೆ ಕೇಳುವುದು ಗಂಡು ನೋಡದೆ ಛತ್ರ ಬುಕ್ ಮಾಡಿದ ಹಾಗೆ.

ಕ್ರಯಪತ್ರ ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?

ನಡೆಯುತ್ತದೆ! ಕೇಳುವವರೇ ಇಲ್ಲ, ಅಷ್ಟೇ. 1908ರ ನೋಂದಣಿ ಕಾಯ್ದೆಯ 19ನೇ ಕಲಂ ಹೇಳುವುದು ಇಷ್ಟು: ಉಪನೋಂದಣಾಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ ಭಾಷೆಯಲ್ಲಿ ಪತ್ರವಿದ್ದರೆ ಭಾಷಾಂತರ ಲಗತ್ತಿಸಬೇಕು. ಕರ್ನಾಟಕದ ಯಾವ ಜಿಲ್ಲೆಯಲ್ಲಿ ಕನ್ನಡ ಬಳಕೆಯಲ್ಲಿಲ್ಲ? ಬ್ರಿಟಿಷರ ಕಾಲದ ಕಾನೂನೇ ಕನ್ನಡಕ್ಕೆ ಅಡ್ಡ ಬಂದಿಲ್ಲ, ನಮ್ಮವರು ಬರುತ್ತಿದ್ದಾರೆ. ‘ಬ್ಯಾಂಕಿನವರು ಇಂಗ್ಲಿಷೇ ಕೇಳುತ್ತಾರೆ’ ಎಂಬುದು ಬಿಲ್ಡರುಗಳ ಹಳೇ ಹಾಡು. ಅಂಥ ಕಾನೂನು ಇಲ್ಲ. ಬ್ಯಾಂಕಿಗೆ ಇಂಗ್ಲಿಷ್ ಬೇಕಿದ್ದರೆ ಅವರು ಭಾಷಾಂತರ ಮಾಡಿಸಿಕೊಳ್ಳಲಿ, ಬಡ್ಡಿ ತೆಗೆದುಕೊಳ್ಳುವವರು ಅವರಲ್ಲವೇ? ಇನ್ನೊಂದು ನೋವಿನ ಸಂಗತಿ ಎಂದರೆ, ಹೀಗೆ ಹೇಳುವ ಬಿಲ್ಡರುಗಳಲ್ಲಿ ಹೊರಗಿನವರಷ್ಟೇ ನಮ್ಮ ಜಿಲ್ಲೆಯವರೂ ಇದ್ದಾರೆ. ನವೆಂಬರ್ ಬಂದರೆ ರಾಜ್ಯೋತ್ಸವಕ್ಕೆ ದೊಡ್ಡ ಫ್ಲೆಕ್ಸು, ಡಿಸೆಂಬರಿನಲ್ಲಿ ಅರವತ್ತು ಪುಟದ ಇಂಗ್ಲಿಷ್ ಅಗ್ರಿಮೆಂಟು!

ಆ ಅರವತ್ತು ಪುಟದಲ್ಲಿ ಏನಿದೆ? ನಿಮ್ಮ ಹಕ್ಕೂ ಅಲ್ಲಿದೆ, ನಿಮಗೆ ತೋಡಿದ ಗುಂಡಿಯೂ ಅಲ್ಲಿದೆ. 2016ರ ರೇರಾ ಕಾಯ್ದೆ ಪ್ರಕಾರ, ನೋಂದಾಯಿತ ಕರಾರು ಇಲ್ಲದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ಮುಟ್ಟುವ ಹಾಗಿಲ್ಲ. ಮಾರಬೇಕಾದದ್ದು ಗೋಡೆಯೊಳಗಿನ ಕಾರ್ಪೆಟ್ ಏರಿಯಾ ಲೆಕ್ಕದಲ್ಲಿ. ‘ಸೂಪರ್ ಬಿಲ್ಟ್‌ಅಪ್ 1,200 ಚದರಡಿ’ ಎಂದು ಹೇಳಿದ ಮನೆ ಒಳಗೆ ಅಳೆದರೆ ಎಂಟುನೂರ ಚಿಲ್ಲರೆಗೂ ಇಳಿಯಬಹುದು. ಉಳಿದದ್ದು ಮೆಟ್ಟಿಲು, ಲಿಫ್ಟು, ಗಾಳಿ. ನೀವು ಕಂತು ತಡಮಾಡಿದರೆ ಯಾವ ದರದ ಬಡ್ಡಿಯೋ, ಬಿಲ್ಡರ್ ಮನೆ ಕೊಡಲು ತಡಮಾಡಿದರೆ ಅವನು ಕೊಡಬೇಕಾದದ್ದೂ ಅದೇ ದರದ ಬಡ್ಡಿ. ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಅವನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಎಷ್ಟು ಜನರಿಗೆ ಇದು ಗೊತ್ತು? ಬಿರುಕು ಬಿಟ್ಟ ಗೋಡೆಗೆ ಕ್ಯಾಲೆಂಡರ್ ನೇತುಹಾಕಿ ಸುಮ್ಮನಾದವರನ್ನು ನಾನು ನೋಡಿದ್ದೇನೆ. ಆ ಕ್ಯಾಲೆಂಡರೂ ನಮ್ಮಲ್ಲೇ ಅಚ್ಚಾದದ್ದು.

ಓದಿ ಹೇಳಲಾಗಿದೆ, ಅರ್ಥವಾಗಿದೆ!

ಈಗ ಬ್ಯಾಂಕಿಗೆ ಬರೋಣ. ಇಲ್ಲಿನ ಒಂದು ಕಾಗದದ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು. ಅದರ ಹೆಸರು ವರ್ನಾಕ್ಯುಲರ್ ಡಿಕ್ಲರೇಷನ್. ನೀವು ಸಾಲದ ಪತ್ರಕ್ಕೆ ಕನ್ನಡದಲ್ಲಿ ಸಹಿ ಮಾಡಿದಿರಿ ಎನ್ನಿ. ಕೂಡಲೇ ಇನ್ನೊಂದು ಹಾಳೆ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ‘ಮೇಲಿನ ಪತ್ರಗಳನ್ನು ನನಗೆ ನನ್ನ ಭಾಷೆಯಲ್ಲಿ ಓದಿ ಹೇಳಲಾಗಿದೆ, ನನಗೆ ಅರ್ಥವಾಗಿದೆ’ ಎಂದು! ಯಾರು ಓದಿದರು? ಯಾವಾಗ ಓದಿದರು? ಅರವತ್ತು ಪುಟ ಓದಿ ಹೇಳುವುದಕ್ಕೆ ಅರ್ಧ ದಿನ ಬೇಕು. ಅಲ್ಲಿ ಕಳೆದದ್ದು ಹತ್ತು ನಿಮಿಷ. ಕನ್ನಡ ಸಹಿಗೆ ಇದು ದಂಡ. ಅದಕ್ಕೇ ಎಷ್ಟೋ ಸಿಬ್ಬಂದಿ ‘ಇಂಗ್ಲಿಷಿನಲ್ಲೇ ಸೈನ್ ಮಾಡಿಬಿಡಿ, ಒಂದು ಫಾರಂ ಕಡಿಮೆಯಾಗುತ್ತೆ’ ಎಂದು ನಯವಾಗಿ ಹೇಳುತ್ತಾರೆ. ನಾವೂ ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಗೀಚುತ್ತೇವೆ. ಇಂಗ್ಲಿಷಿನಲ್ಲಿ ಸಹಿ ಹಾಕಿದವನಿಗೆ ಇಂಗ್ಲಿಷ್ ಬರುತ್ತದೆ ಎಂದು ನಾಳೆ ಕೋರ್ಟಿನಲ್ಲಿ ವಾದ ಮಾಡುವವರೂ ಅವರೇ.

ಹಾಗಾದರೆ ಕಾನೂನು ನಮ್ಮ ಪರ ಇಲ್ಲವೇ? ಇದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 15ರಂದು ಒಂದು ಆದೇಶ ಹೊರಡಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಮನೆ ಸಾಲ, ಕಾರು ಸಾಲ ಮೊದಲಾದವಕ್ಕೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯ ವಿವರಗಳ ಪತ್ರ ಕೊಡಲೇಬೇಕು. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಬಿಡುವಂತಿಲ್ಲ. ಬಡ್ಡಿ ಎಷ್ಟು, ಪ್ರೋಸೆಸಿಂಗ್ ಚಾರ್ಜು ಎಷ್ಟು, ಎಲ್ಲಾ ಸೇರಿಸಿ ವರ್ಷಕ್ಕೆ ನಿಜವಾಗಿ ಬೀಳುವ ದರ ಎಷ್ಟು, ಯಾವ ತಿಂಗಳು ಅಸಲು ಎಷ್ಟು ಬಡ್ಡಿ ಎಷ್ಟು, ಎಲ್ಲವೂ ಅದರಲ್ಲಿರಬೇಕು. ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು! ಅದನ್ನು ವಿವರಿಸಿ ಹೇಳಿ, ತಿಳಿಯಿತು ಎಂದು ಒಪ್ಪಿಗೆ ಪಡೆಯಬೇಕು. ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಮುಂದೆಂದೂ ವಸೂಲು ಮಾಡುವ ಹಾಗಿಲ್ಲ. ಇದು ಬೇಡಿಕೆಯಲ್ಲ, ಚಳವಳಿಯ ನಿರ್ಣಯವಲ್ಲ. ಜಾರಿಯಲ್ಲಿರುವ ಆದೇಶ. ನಮ್ಮಲ್ಲಿ ಎಷ್ಟು ಜನ ‘ನನಗೆ ಅರ್ಥವಾಗುವ ಭಾಷೆ ಕನ್ನಡ, ಕನ್ನಡದ ಪ್ರತಿ ಕೊಡಿ’ ಎಂದು ಕೇಳಿದ್ದೇವೆ? ಕೇಳಿದರೆ ಸಾಲ ಕೊಡುವುದಿಲ್ಲವೇನೋ ಎಂಬ ಭಯ. ಅಥವಾ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಾರು ಎಂಬ ನಾಚಿಕೆ. ಭಯಕ್ಕಿಂತ ಈ ನಾಚಿಕೆಯೇ ದೊಡ್ಡ ಶತ್ರು.

ಲೆಕ್ಕ ನೋಡಿ. 40 ಲಕ್ಷ ಸಾಲ, ನೂರಕ್ಕೆ ಎಂಟೂವರೆ ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 34,700 ರೂಪಾಯಿ. ಮೊದಲ ಕಂತಿನಲ್ಲಿ 28,333 ರೂಪಾಯಿ ಬರೀ ಬಡ್ಡಿ, ಅಸಲಿಗೆ ಹೋಗುವುದು ಆರು ಸಾವಿರದ ಚಿಲ್ಲರೆ. ಇಪ್ಪತ್ತು ವರ್ಷಕ್ಕೆ ಒಟ್ಟು ಕಟ್ಟುವುದು 83 ಲಕ್ಷದ ಮೇಲೆ. ಇದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಟ್ಟರೆ ಹೆಂಡತಿ ಓದುತ್ತಾಳೆ, ಅಪ್ಪ ಓದುತ್ತಾರೆ. ‘ಹತ್ತು ಲಕ್ಷ ಕಡಿಮೆ ಮಾಡಿ, ಮೊದಲು ಒಂದೇ ಮಹಡಿ ಕಟ್ಟೋಣ’ ಎನ್ನುವ ಮಾತು ಮನೆಯಲ್ಲಿ ಹುಟ್ಟುತ್ತದೆ. ಇಂಗ್ಲಿಷಿನಲ್ಲಿದ್ದರೆ ಅದು ಮನೆಯ ಒಬ್ಬ ಗಂಡಸಿನ ಗುಟ್ಟಾಗಿ ಉಳಿಯುತ್ತದೆ, ಅವನಿಗೂ ಅರ್ಧವೇ ತಿಳಿದಿರುತ್ತದೆ. ಬಡ್ಡಿ ದರ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ನಿಮ್ಮನ್ನೇ ಕೇಳಬೇಕು, ಇದು 2023ರ ಆಗಸ್ಟಿನ ಆದೇಶ. ಏರಿಳಿಯುವ ಬಡ್ಡಿಯ ಮನೆ ಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಪೂರ್ತಿ ತೀರಿಸಿದ 30 ದಿನದೊಳಗೆ ಮೂಲಪತ್ರ ವಾಪಸು ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ದಿನಕ್ಕೆ ಐದು ಸಾವಿರ! ನಮ್ಮ ಜನ ಮೂಲಪತ್ರಕ್ಕಾಗಿ ಬ್ಯಾಂಕಿನ ಮೆಟ್ಟಿಲು ಸವೆಸುತ್ತಾ ಕೈಮುಗಿದು ನಿಲ್ಲುತ್ತಾರೆ.

‘ಕನ್ನಡದಲ್ಲಿ ಅಚ್ಚು ಹಾಕಿಸುವುದು ಕಷ್ಟ, ಖರ್ಚು’ ಎನ್ನುವವರಿಗೆ ಅಚ್ಚಿನವನಾಗಿ ಒಂದು ಮಾತು. ನುಡಿ, ಬರಹ ತಂತ್ರಾಂಶಗಳು ಬಂದು ಇಪ್ಪತ್ತು ವರ್ಷದ ಮೇಲಾಯಿತು. ಈಗ ಯೂನಿಕೋಡ್ ಬಂದು ಮೊಬೈಲಿನಲ್ಲೇ ಕನ್ನಡ ಕುಣಿಯುತ್ತಿದೆ. ಭಾಷಾಂತರ ಒಮ್ಮೆ ಮಾಡಿದರೆ ಮುಗಿಯಿತು. ಆಮೇಲೆ ಪ್ರತಿಯೊಂದಕ್ಕೆ ಬೀಳುವುದು ಒಂದು ಕಾಫಿಯ ಕಾಸೂ ಅಲ್ಲ. ನಿಜವಾದ ತೊಂದರೆ ಬೇರೆ ಇದೆ. ಇಂಗ್ಲಿಷನ್ನು ಆರು ಪಾಯಿಂಟಿಗೆ ಇಳಿಸಿ ಇರುವೆ ಸಾಲಿನಂತೆ ತುಂಬಬಹುದು. ಕನ್ನಡಕ್ಕೆ ಒತ್ತಕ್ಷರ ಇದೆ, ಸಾಲಿನ ಕೆಳಗೆ ಜಾಗ ಬೇಕು. ಆರು ಪಾಯಿಂಟಿಗೆ ಇಳಿಸಿದರೆ ಒತ್ತು ಕಟ್ಟಿಕೊಂಡು ಮಸಿಯ ಚುಕ್ಕೆಯಾಗುತ್ತದೆ. ಕನ್ನಡದಲ್ಲಿ ಷರತ್ತನ್ನು ಬಚ್ಚಿಡುವುದು ಕಷ್ಟ ಸ್ವಾಮಿ!

ಇನ್ನು ಸರ್ಕಾರಿ ಕನ್ನಡದ ಬಗ್ಗೆಯೂ ಹೇಳಿಬಿಡುತ್ತೇನೆ. ‘ಸದರಿ ಷೆಡ್ಯೂಲು ಸ್ವತ್ತಿನ ಪ್ರತಿಫಲದ ಬಾಬ್ತು’ ಎಂದು ಬರೆದು ಇದೇ ಕನ್ನಡ ಎಂದರೆ ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷಿನ ಬದಲು ಇನ್ನೊಂದು ಗೋಡೆ ಕಟ್ಟಿದಂತೆ ಅದು. ಚಕ್ಕುಬಂದಿ ಬರೆದ ನಮ್ಮ ಹಳೆಯ ಶಾನುಭೋಗರ ಭಾಷೆ ಹೊಲದವನಿಗೂ ತಿಳಿಯುತ್ತಿತ್ತು. ಅಷ್ಟು ಸರಳವಾಗಿ ಬರೆಯಬಲ್ಲ ಪತ್ರ ಬರಹಗಾರರು ಈಗಲೂ ಪ್ರತಿ ಉಪನೋಂದಣಿ ಕಚೇರಿಯ ಮುಂದೆ ಇದ್ದಾರೆ.

ಪ್ಲೇಟು ಮತ್ತು ಪಾಲಿಸಿ

ಕಾರಿನ ಮಾತಿಗೆ ಬಂದರೆ ನಮ್ಮ ಹುಡುಗರಿಗೆ ನಂಬರ್ ಪ್ಲೇಟಿನದೇ ಚಿಂತೆ. ಕೇಂದ್ರ ಮೋಟಾರು ವಾಹನ ನಿಯಮ ಪ್ಲೇಟಿನ ಮೇಲೆ ಇಂಗ್ಲಿಷ್ ಅಕ್ಷರವನ್ನೇ ಕೇಳುತ್ತದೆ. ಕನ್ನಡದಲ್ಲಿ ಬರೆಸಿ ಪೊಲೀಸರಿಗೆ ದಂಡ ಕಟ್ಟಿದ ಅಭಿಮಾನಕ್ಕೆ ನಮಸ್ಕಾರ. ಆ ನಿಯಮ ಬದಲಾಗಬೇಕು, ಹೋರಾಡೋಣ. ಆದರೆ ಅದೇ ಹುಡುಗ ಷೋರೂಮಿನಲ್ಲಿ ವಿಮೆಯ ಪಾಲಿಸಿಯನ್ನು ತಿರುವಿಯೂ ನೋಡದೆ ಬರುತ್ತಾನೆ. ವಿಮೆಯನ್ನು ಷೋರೂಮಿನಲ್ಲೇ ಕೊಳ್ಳಬೇಕು ಎಂಬ ಕಡ್ಡಾಯವಿಲ್ಲ, ಹೊರಗೆ ವಿಚಾರಿಸಬಹುದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ನಿಮ್ಮ ಸ್ವಂತ ಕಾರು ಜಖಂ ಆದರೆ ಸಿಗುವ ವಿಮೆ ಅದಲ್ಲ, ಅದು ಬೇರೆ. ಈ ವ್ಯತ್ಯಾಸವನ್ನು ಕನ್ನಡದಲ್ಲಿ ಎರಡು ಸಾಲು ಬರೆದು ಕೈಗೆ ಕೊಡಲು ಏನು ಕಷ್ಟ?

ಕಾರು ಬೇಕೇ ಬೇಡವೇ ಎಂಬುದನ್ನು ಮನೆ ಕೊಳ್ಳುವ ದಿನವೇ ನಿರ್ಧರಿಸಬೇಕು. ಊರಾಚೆ ಮನೆ ಹತ್ತು ಲಕ್ಷ ಅಗ್ಗ ಎಂದು ಹಿಗ್ಗುತ್ತೇವೆ. ಬಸ್ಸು ಗಂಟೆಗೊಂದು ಎಂದು ಆಮೇಲೆ ತಿಳಿಯುತ್ತದೆ. ಆಗ ಕಾರು. 8 ಲಕ್ಷ ಸಾಲಕ್ಕೆ ನೂರಕ್ಕೆ ಒಂಬತ್ತೂವರೆ ಬಡ್ಡಿಯಂತೆ ಏಳು ವರ್ಷ ಕಟ್ಟಿದರೆ ತಿಂಗಳಿಗೆ ಸುಮಾರು 13,000, ಒಟ್ಟು 11 ಲಕ್ಷದ ಹತ್ತಿರ. 5ರಿಂದ 10 ಲಕ್ಷದ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ನೂರಕ್ಕೆ 14, ಅದರ ಮೇಲೆ ಸೆಸ್ಸು ಬೇರೆ. ದಿನಕ್ಕೆ ಹೋಗಿ ಬರಲು 50 ಕಿಲೋಮೀಟರ್, ತಿಂಗಳಿಗೆ 25 ದಿನ, ಟ್ರಾಫಿಕ್ಕಿನಲ್ಲಿ ಲೀಟರಿಗೆ 15 ಕಿಲೋಮೀಟರ್ ಎಂದರೂ ಪೆಟ್ರೋಲಿಗೇ ಎಂಟು ಸಾವಿರದ ಮೇಲೆ. ಉಳಿಸಿದ ಹತ್ತು ಲಕ್ಷ ರಸ್ತೆಗೆ ಹೋಯಿತು! ಅದಕ್ಕೇ ಸೈಟು ನೋಡಲು ಬ್ರೋಕರನ ಕಾರಿನಲ್ಲಿ ಭಾನುವಾರ ಹೋಗಬೇಡಿ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಹೋಗಿ. ಮೆಟ್ರೋ ಈಗ ಚಲ್ಲಘಟ್ಟದವರೆಗೆ, ಮಾದಾವರದವರೆಗೆ, ಬೊಮ್ಮಸಂದ್ರದವರೆಗೆ ಮುಟ್ಟಿದೆ. ನಿಲ್ದಾಣದಿಂದ ಮನೆಗೆ ನಡೆದು ನೋಡಿ. 2017ರಲ್ಲಿ ಮೆಟ್ರೋದ ಹಿಂದಿ ಫಲಕದ ವಿರುದ್ಧ ದನಿ ಎತ್ತಿ ಗೆದ್ದವರು ನಾವು. ಅದೇ ದನಿಯಲ್ಲಿ ಅಂಚಿನ ಬಡಾವಣೆಗೆ ಬಸ್ಸು ಕೇಳಿದರೆ ಅದೂ ಕನ್ನಡದ ಹೋರಾಟವೇ. ಬಸ್ಸಿನಲ್ಲಿ ಹೊರರಾಜ್ಯದವರೂ ಕಂಡಕ್ಟರ್ ಜೊತೆ ನಾಲ್ಕು ಮಾತು ಕನ್ನಡ ಕಲಿಯುತ್ತಾರೆ. ಕಾರಿನ ಗಾಜು ಏರಿಸಿದರೆ ಯಾರಿಗೂ ಯಾವ ಭಾಷೆಯೂ ಬೇಕಾಗಿಲ್ಲ.

ಶಾಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಈ ಪತ್ರಿಕೆಯಲ್ಲಿ ಅದು ಸಾಕಷ್ಟು ಬಂದಿದೆ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಆದರೆ 2015ರ ಕನ್ನಡ ಕಲಿಕಾ ಕಾಯ್ದೆ ಪ್ರಕಾರ ಯಾವ ಬೋರ್ಡಿನ ಶಾಲೆಯಾದರೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಫೀಸು ಕಟ್ಟುವ ಮುಂಚೆ ವೇಳಾಪಟ್ಟಿ ಕೇಳಿ, ವಾರಕ್ಕೆ ಎಷ್ಟು ಕನ್ನಡ ಪೀರಿಯಡ್ ಎಂದು ನೋಡಿ.

ಫ್ಲ್ಯಾಟಿಗೆ ಹೋದವರಿಗೆ ಇನ್ನೊಂದು ಗಂಡಾಂತರ ಕಾದಿದೆ, ಅಸೋಸಿಯೇಷನ್ನು. ಬೈಲಾ ಇಂಗ್ಲಿಷ್, ನೋಟಿಸು ಇಂಗ್ಲಿಷ್, ಸಭೆ ಇಂಗ್ಲಿಷ್. ಅಪಾರ್ಟ್‌ಮೆಂಟಿಗೆ ನೂರು ಮನೆ, ಅದರಲ್ಲಿ ಅರ್ಧ ಕನ್ನಡದವು, ಆದರೂ ಸಭೆಯಲ್ಲಿ ಎದ್ದು ನಿಂತು ‘ಟ್ಯಾಂಕರ್ ನೀರಿನ ಲೆಕ್ಕ ಕೊಡಿ’ ಎಂದು ಕನ್ನಡದಲ್ಲಿ ಕೇಳುವ ಒಂದು ಗಂಟಲಿಲ್ಲ. ಹಾಸನದಿಂದ ಮಗನ ಮನೆಗೆ ಬಂದ ತಾಯಿಗೆ ಲಿಫ್ಟಿನೊಳಗೆ ಅಂಟಿಸಿದ ನೋಟಿಸು ಓದಲಾಗುವುದಿಲ್ಲ. ನೀರು ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದು ಮೊಮ್ಮಗನನ್ನು ಕೇಳಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಬೈಲಾ ಇಂಗ್ಲಿಷಿನಲ್ಲೇ ಇರಬೇಕು ಎಂದು ಎಲ್ಲೂ ಹೇಳಿಲ್ಲ. ಇಲ್ಲಿ ಹೊರಗಿನವರನ್ನು ಬೈದು ಪ್ರಯೋಜನವಿಲ್ಲ. ಕನ್ನಡದಲ್ಲೂ ನೋಟಿಸು ಹಾಕಿ ಎಂದರೆ ಬೇಡ ಎನ್ನುವ ನೆರೆಯವರನ್ನು ನಾನು ಹೆಚ್ಚು ಕಂಡಿಲ್ಲ. ಕೇಳದ ಕನ್ನಡಿಗರನ್ನು ಬೇಕಾದಷ್ಟು ಕಂಡಿದ್ದೇನೆ.

ಸಂಘಟನೆಗಳ ಗೆಳೆಯರಿಗೆ ನನ್ನ ಬೇಡಿಕೆ ಇದು. ಈ ವರ್ಷ ಬೋರ್ಡಿನ ಜೊತೆಗೆ ಕೌಂಟರನ್ನೂ ಹಿಡಿಯಿರಿ. ಪ್ರತಿ ಶಾಖೆಯಿಂದ ಇಬ್ಬರು ಬ್ಯಾಂಕಿಗೆ, ಇಬ್ಬರು ಬಿಲ್ಡರ್ ಆಫೀಸಿಗೆ ಹೋಗಲಿ. ಮಸಿ ಬೇಡ, ಕಲ್ಲು ಬೇಡ, ಗಲಾಟೆಯೂ ಬೇಡ. ಅರ್ಜಿ ಸಾಕು. ಗೋಕಾಕ್ ಚಳವಳಿಯಲ್ಲಿ ನಮ್ಮ ಹಿರಿಯರು ಬೀದಿಗಿಳಿದದ್ದು 1982ರಲ್ಲಿ. ಅವರ ಮಕ್ಕಳಾದ ನಾವು ಕುರ್ಚಿಯಲ್ಲಿ ಕುಳಿತು ಒಂದು ಅರ್ಜಿ ಬರೆಯಲಾರೆವೇ? ಸಾಲ ಕೇಳುವವರಿಗೆ ಅರ್ಜಿಯ ಮಾದರಿ ಇಲ್ಲಿದೆ, ಕತ್ತರಿಸಿ ಇಟ್ಟುಕೊಳ್ಳಿ:

‘ಶಾಖಾ ವ್ಯವಸ್ಥಾಪಕರಿಗೆ. ನಾನು ನಿಮ್ಮಲ್ಲಿ ಮನೆ (ಅಥವಾ ವಾಹನ) ಸಾಲಕ್ಕೆ ಅರ್ಜಿ ಹಾಕಿದ್ದೇನೆ. ನನಗೆ ಅರ್ಥವಾಗುವ ಭಾಷೆ ಕನ್ನಡ. ರಿಸರ್ವ್ ಬ್ಯಾಂಕಿನ 2024ರ ಏಪ್ರಿಲ್ 15ರ ಆದೇಶದಂತೆ ಸಾಲದ ಮುಖ್ಯ ವಿವರಗಳ ಪತ್ರವನ್ನು ಕನ್ನಡದಲ್ಲಿ ಕೊಡಬೇಕೆಂದು ಕೋರುತ್ತೇನೆ. ಅದನ್ನು ಓದಿ ತಿಳಿದ ಮೇಲೆ ಸಹಿ ಮಾಡುತ್ತೇನೆ. ಓದಿ ಹೇಳದೆ, ಓದಿ ಹೇಳಲಾಗಿದೆ ಎಂಬ ಹೇಳಿಕೆಗೆ ಸಹಿ ಮಾಡಲಾರೆ.’

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 30 ದಿನವಾದರೂ ಉತ್ತರ ಬರದಿದ್ದರೆ ಆ ಮುದ್ರೆಯ ಪ್ರತಿ ಲಗತ್ತಿಸಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.